ವಿಂಡೋಸ್ ಅಳಿಸಿದ ಮೇಲೆ ಉಳಿದ ಜಾಗವನ್ನು ಲಿನಕ್ಸ್‌ನ ರೂಟ್ ಪಾರ್ಟಿಷನ್ನಿಗೆ ಸೇರಿಸುವುದು ಹೇಗೆ?

ಪ್ರಶ್ನೆ

ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇದ್ದವು. ವಿಂಡೋಸ್ ಬಳಸುವುದೇ ನಿಂತುಹೋದದ್ದರಿಂದ ಕಳೆದ ವಾರ ಡಿಸ್ಕ್ ವಿಭಾಗಿಸುವ ಜಿಪಾರ್ಟೆಡ್ ತಂತ್ರಾಂಶದ ಮೂಲಕ ಅದರ ಪಾರ್ಟಿಷನ್ನನ್ನು (ಡಿಸ್ಕಿನ ವಿಭಾಗವನ್ನು) ಅಳಿಸಿದೆ. 512 ಜಿಬಿಯ ಎಸ್‌ಎಸ್‌ಡಿ ಈಗ ಎಡದಿಂದ ಬಲಕ್ಕೆ ಹೀಗಿದೆ: 100 ಎಂಬಿಯ ಫ್ಯಾಟ್32 ಪಾರ್ಟಿಷನ್, ಸುಮಾರು 310 ಜಿಬಿ ಖಾಲಿ ಜಾಗ, 600 ಎಂಬಿಯ ರಿಕವರಿ ಪಾರ್ಟಿಷನ್, ಉಬುಂಟು ಇರುವ 158 ಜಿಬಿಯ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಸಿಸ್ಟಮ್) ರೂಟ್, ಕೊನೆಯಲ್ಲಿ 8 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ). ರೂಟ್ ಬಹುತೇಕ ತುಂಬಿದೆ, ಆದರೆ ಹಿಗ್ಗಿಸಲು ಹೋದರೆ ಗಾತ್ರದ ಅಂಕಿ ಅಲುಗಾಡುವುದೇ ಇಲ್ಲ. ಇಷ್ಟು ಜಾಗವಿದ್ದೂ ಹೀಗೇಕೆ? ಫ್ಯಾಟ್32 ಪಾರ್ಟಿಷನ್ನೂ ವಿಂಡೋಸಿನದೇ ಆಗಿದ್ದರೆ ಅದನ್ನೂ ಅಳಿಸಬಹುದೇ?

ಉತ್ತರ 1

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಫ್ಯಾಟ್32 ಪಾರ್ಟಿಷನ್ನನ್ನು ದಯವಿಟ್ಟು ಮುಟ್ಟಬೇಡಿ. ಅದು ಇಎಫ್‌ಐ ಸಿಸ್ಟಮ್ ಪಾರ್ಟಿಷನ್, ಅಂದರೆ ಬೂಟ್ ಆಗಲು ಬೇಕಾದ ಫೈಲ್‌ಗಳಿರುವ ಜಾಗ. ಅದನ್ನು ವಿಂಡೋಸ್ ಸೃಷ್ಟಿಸಿದ್ದಿರಬಹುದು, ಆದರೆ ಉಬುಂಟುವನ್ನು ಬೂಟ್ ಮಾಡಿಸುವ ಗ್ರಬ್ ಸಹ ಅದರಲ್ಲೇ ಇರುತ್ತದೆ.

ಪಾರ್ಟಿಷನ್ ಹಿಗ್ಗಬೇಕಾದರೆ ಖಾಲಿ ಜಾಗ ಅದಕ್ಕೆ ಅಂಟಿಕೊಂಡೇ ಇರಬೇಕು, ನಿಮ್ಮಲ್ಲಿ ರಿಕವರಿ ಪಾರ್ಟಿಷನ್ ನಡುವೆ ಅಡ್ಡ ನಿಂತಿದೆ. ಅದನ್ನು ಅಳಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಇಎಕ್ಸ್‌ಟಿ4 ಚಾಲನೆಯಲ್ಲಿರುವಾಗಲೇ ಬಲಕ್ಕೆ ಹಿಗ್ಗಬಲ್ಲದು, ಆದರೆ ಎಡಕ್ಕೆ ಹಿಗ್ಗಿಸುವುದೆಂದರೆ ಅದರ ಆರಂಭದ ಬಿಂದುವನ್ನೇ ಸರಿಸಿ ಒಳಗಿನ ದತ್ತಾಂಶವನ್ನೆಲ್ಲ ಹಿಂದಕ್ಕೆ ಸಾಗಿಸುವುದು, ಮತ್ತು ರೂಟ್ ಮೌಂಟ್ ಆಗಿರುವಾಗ (ಬಳಕೆಯಲ್ಲಿರುವಾಗ) ಇದು ಸಾಧ್ಯವಿಲ್ಲ. ಬ್ಯಾಕಪ್ ತೆಗೆದುಕೊಂಡು ಲೈವ್ ಯುಎಸ್‌ಬಿಯಿಂದ (ಉಬುಂಟು ನೇರವಾಗಿ ಚಲಿಸುವ ಪೆನ್‌ಡ್ರೈವಿನಿಂದ) ಬೂಟ್ ಮಾಡಿ, ಸ್ವಾಪ್ ಮುಂದೆ ಬೀಗದ ಕೈಯ ಚಿಹ್ನೆ ಕಂಡರೆ ಅದನ್ನು ಸ್ವಾಪ್‌ಆಫ್ ಮಾಡಿ, ರಿಕವರಿಯನ್ನು ಅಳಿಸಿ, ರೂಟ್‌ನ ಎಡ ಅಂಚನ್ನು ಪೂರ್ತಿ ಎಡಕ್ಕೆ ಎಳೆದು ಅಪ್ಲೈ ಒತ್ತಿ. ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಬದಲಾಗದ ಕಾರಣ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ತಿದ್ದಬೇಕಾಗಿಲ್ಲ. ಆದರೆ ಇದು ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ವಿದ್ಯುತ್ ಹೋದರೆ ಫೈಲ್ ಸಿಸ್ಟಮ್ಮೇ ಕೈಬಿಟ್ಟುಹೋಗಬಹುದು. ಚಾರ್ಜರ್ ಸಿಕ್ಕಿಸಿಯೇ ಇಟ್ಟಿರಿ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ, ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ರೂಟನ್ನು ಸರಿಸುತ್ತಲೇ ಇರಲಿಲ್ಲ. 158 ಜಿಬಿಯ ರೂಟ್ ತುಂಬಿದೆಯೆಂದರೆ ಅದನ್ನು ತುಂಬಿರುವುದು ಬಹುಮಟ್ಟಿಗೆ ನಿಮ್ಮ ಹೋಮ್ ಫೋಲ್ಡರೇ ಇರಬೇಕು. ಖಾಲಿ ಜಾಗದಲ್ಲಿ ಹೊಸ ಇಎಕ್ಸ್‌ಟಿ4 ಪಾರ್ಟಿಷನ್ ಮಾಡಿ, ಲೈವ್ ಯುಎಸ್‌ಬಿಯಿಂದ ಹೋಮ್ ಅನ್ನು ಆರ್‌ಸಿಂಕ್ ಎಂಬ ನಕಲು ಆಜ್ಞೆಯ ಮೂಲಕ ಅದಕ್ಕೆ ನಕಲಿಸಿ, ಹೊಸದರ ಯುಯುಐಡಿಯನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದರೆ ಸಾಕು. ಹಳೆಯ ಹೋಮ್ ಅನ್ನು ತಕ್ಷಣ ಅಳಿಸದೆ ಬೇರೆ ಹೆಸರಿಟ್ಟು, ಅದರ ಜಾಗದಲ್ಲಿ ಹೋಮ್ ಹೆಸರಿನ ಖಾಲಿ ಫೋಲ್ಡರ್ ಮಾಡಿ. ಎಲ್ಲವೂ ಸರಿಯಾಗಿದೆಯೆಂದು ಖಚಿತವಾಗುವವರೆಗೆ ಮೂಲ ದತ್ತಾಂಶ ಇದ್ದಲ್ಲೇ ಇರುತ್ತದೆ. ಸರಿಸುವ ದಾರಿಯಲ್ಲಿ ಈ ಅನುಕೂಲವಿಲ್ಲ.

ಇಎಕ್ಸ್‌ಟಿ4 ಫೈಲ್ ಸಿಸ್ಟಮ್, ರೂಟ್ ಎಂಬ ನಿರ್ವಾಹಕ ಬಳಕೆದಾರನಿಗಾಗಿ ಶೇಕಡಾ 5ರಷ್ಟು ಜಾಗವನ್ನು ಕಾದಿರಿಸುತ್ತದೆ. 310 ಜಿಬಿಯಲ್ಲಿ ಅದು ಸುಮಾರು 15 ಜಿಬಿ. ಹೋಮ್‌ಗೆ ಅಷ್ಟು ಬೇಕಿಲ್ಲ. ಟ್ಯೂನ್2ಎಫ್‌ಎಸ್ ಆಜ್ಞೆಯಿಂದ ಶೇಕಡಾ 1ಕ್ಕೆ ಇಳಿಸಿಕೊಳ್ಳಿ.

ಉತ್ತರ 3

ಇಎಫ್‌ಐ ಪಾರ್ಟಿಷನ್ ಬಗ್ಗೆ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ನಾನು ಅದನ್ನು ವಿಂಡೋಸಿನ ಕಸವೆಂದು ತಿಳಿದು ಅಳಿಸಿದ್ದೆ, ಮರುದಿನ ಯಂತ್ರ ನೇರವಾಗಿ ಫರ್ಮ್‌ವೇರ್ ಸೆಟಪ್ ಪರದೆಗೆ ಹೋಗಿ ನಿಂತಿತು. ಹೊಸ ಫ್ಯಾಟ್32 ಪಾರ್ಟಿಷನ್ ಮಾಡಿ, ಲೈವ್ ಯುಎಸ್‌ಬಿಯಿಂದ ಸಿಎಚ್‌ರೂಟ್ ಮಾಡಿ (ಡಿಸ್ಕಿನಲ್ಲಿರುವ ಉಬುಂಟುವಿನೊಳಗೆ ಹೋಗಿ), ಗ್ರಬ್ ಮರಳಿ ಹಾಕಿದರೂ ಬೂಟ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿತು. ಹೊಸ ಪಾರ್ಟಿಷನ್ನಿನ ಯುಯುಐಡಿ ಬೇರೆಯಾಗಿದ್ದರೂ ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೆಯದೇ ಇತ್ತು. ನೀವು ವಿಂಡೋಸ್ ಡ್ರೈವನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ ಸೇರಿಸಿದ್ದರೆ ಆ ಸಾಲನ್ನೂ ತೆಗೆಯಿರಿ. ಇಲ್ಲವಾದರೆ ಇಲ್ಲದ ಡಿಸ್ಕಿಗಾಗಿ ಬೂಟ್ ನಿರ್ವಹಿಸುವ ಸಿಸ್ಟಮ್‌ಡಿ 90 ಸೆಕೆಂಡು ಕಾಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಎರಡನೆಯ ಉತ್ತರದ ದಾರಿಯನ್ನೇ ಹಿಡಿದೆ. ಹೋಮ್ ಫೋಲ್ಡರನ್ನು ಅಳೆದಾಗ ಅದೊಂದೇ 117 ಜಿಬಿ ಇತ್ತು. ನಕಲಿಸುವ ಮೊದಲು ಹೊಸ ಪಾರ್ಟಿಷನ್ನಿನಲ್ಲಿ 289 ಜಿಬಿ ಲಭ್ಯವೆಂದು ತೋರಿಸುತ್ತಿತ್ತು, ಟ್ಯೂನ್2ಎಫ್‌ಎಸ್ ಬಳಿಕ ಅದು 300 ದಾಟಿತು. ಗ್ರಬ್ ಮೆನುವಿನಲ್ಲಿ ವಿಂಡೋಸ್ ಹೆಸರು ಉಳಿದಿತ್ತು, ಅಪ್‌ಡೇಟ್-ಗ್ರಬ್ ಆಜ್ಞೆ ಕೊಟ್ಟ ಮೇಲೆ ಅದೂ ಹೋಯಿತು. ಹಳೆಯ ಹೋಮ್ ಅನ್ನು ಇನ್ನೊಂದು ವಾರ ಹಾಗೆಯೇ ಇಟ್ಟಿರುತ್ತೇನೆ.