‘ಸ್ಪ್ಲಿಂಟ್’ಗೆ ದಬ್ಬೆ ಎನ್ನಬಹುದೇ?

ಪ್ರಶ್ನೆ: ಅಮೆರಿಕದ ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ಮೂಲನಿವಾಸಿಗಳ ಬುಟ್ಟಿ ಹೆಣಿಗೆಯ ಬಗೆಗಿನ ಬರಹವೊಂದು ಕನ್ನಡಕ್ಕೆ ಆಗಬೇಕಿದೆ. ಬುಟ್ಟಿ ಹೆಣೆಯುವ ಮರದ ಪಟ್ಟಿಯಾದ ‘ಸ್ಪ್ಲಿಂಟ್’ಗೆ ದಬ್ಬೆ ಸರಿಹೋಗುತ್ತದೆಯೇ? ಆ ಪಟ್ಟಿ ಬರುವ ‘ಆ್ಯಶ್’ ಮರಕ್ಕೆ, ಬುಟ್ಟಿಗೆ ಸೇರಿಸುವ ‘ಸ್ವೀಟ್‌ಗ್ರಾಸ್’ ಹುಲ್ಲಿಗೆ ಏನನ್ನಬಹುದು?

ಉತ್ತರ: ದಬ್ಬೆ ಬೇಡ. ದಬ್ಬೆ ಎಂದರೆ ಕತ್ತಿಯಿಂದ ಸೀಳಿದ್ದು, ಬಿರುಸಾದದ್ದು: ಅಡಿಕೆ ದಬ್ಬೆ, ಮುರಿದ ಕೈಗೆ ಕಟ್ಟುವ ಬಿದಿರ ದಬ್ಬೆ. ಪೆನಾಬ್‌ಸ್ಕಾಟರದು ಬಡಿದು ಬಿಡಿಸಿದ್ದು. ಗಂಟಿಲ್ಲದ ನೆಟ್ಟನೆಯ ಹಸಿ ದಿಮ್ಮಿಯ ತೊಗಟೆ ತೆಗೆದು, ಕೊಡಲಿಯ ಹಿಂಬದಿಯಿಂದ ಉದ್ದಕ್ಕೂ ಎಡೆಬಿಡದೆ ಬಡಿಯುತ್ತಾರೆ. ವಸಂತದಲ್ಲಿ ಬೆಳೆದ, ದೊಡ್ಡ ರಂಧ್ರಗಳ ಭಾಗ ಬಡಿತಕ್ಕೆ ನುಗ್ಗಾಗುತ್ತದೆ. ಆಮೇಲೆ ಬೆಳೆದ ಗಟ್ಟಿ ಪದರು, ಅಂದರೆ ಆ ವರ್ಷದ ಉಂಗುರದ ಉಳಿದ ಭಾಗ, ಪಟ್ಟಿಯಾಗಿ ಎದ್ದು ಬರುತ್ತದೆ. ಪೆಟ್ಟು ಬೀಳದ ಕಡೆ ಅಂಟಿಕೊಂಡು ಹರಿಯುತ್ತದೆ. ಹಾಗಾಗಿ ‘ಪದರುಪಟ್ಟಿ’ ಎನ್ನಿ.

ಸೀಳುವ ಕೆಲಸ ಇದಾದ ಮೇಲಿನದು, ಅಲ್ಲಿಗೆ ‘ಸಿಗಿ’ ಒಪ್ಪುತ್ತದೆ. ಪಟ್ಟಿಯ ತುದಿಗೆ ಚೂರಿಯಿಂದ ಗೀರು ಹಾಕಿ, ದಪ್ಪವನ್ನೇ ಎರಡಾಗಿ ಸಿಗಿಯುತ್ತಾರೆ. ಒಂದು ಮಗ್ಗುಲು ತೆಳುವಾಗುತ್ತ ಬಂದರೆ ದಪ್ಪಗಿರುವ ಮಗ್ಗುಲನ್ನು ಹೆಚ್ಚು ಬಾಗಿಸಿ ಎಳೆಯಬೇಕು, ಆಗ ಸೀಳು ನಡುವಿಗೆ ಮರಳುತ್ತದೆ. ಹೀಗೆ ಬಿಚ್ಚಿಕೊಂಡ ಒಳಮೈ ರೇಷ್ಮೆಯಷ್ಟು ನುಣುಪು.

‘ಆ್ಯಶ್’ಗೆ ‘ಬೂದಿಮರ’ ಮಾತ್ರ ಖಂಡಿತ ಬೇಡ. ಇಂಗ್ಲಿಷಿನಲ್ಲಿ ಮರದ ಹೆಸರೂ ಬೂದಿಯ ಹೆಸರೂ ಬೇರೆ ಬೇರೆ ಮೂಲದವು. ಇದು ಮಲ್ಲಿಗೆಯ ಕುಟುಂಬದ ಮರ. ಬುಟ್ಟಿಗೆ ಬಳಸುವ ಜಾತಿಯನ್ನು ಮೇನ್‌ನಲ್ಲಿ ಬ್ರೌನ್ ಆ್ಯಶ್ ಎನ್ನುತ್ತಾರೆ. ‘ಕಂದು ಆ್ಯಶ್’ ಸಾಕು. 2018ರಲ್ಲಿ ಮೇನ್‌ನಲ್ಲಿ ಕಾಣಿಸಿಕೊಂಡ ‘ಎಮರಾಲ್ಡ್ ಆ್ಯಶ್ ಬೋರರ್’ ಎಂಬ ಕೀಟ ನಿಮ್ಮ ಬರಹದಲ್ಲಿದ್ದರೆ ಅದನ್ನು ‘ಕಾಂಡಕೊರಕ’ ಎಂದು ಬರೆಯಬೇಡಿ. ಅದರ ಮರಿಹುಳು ತಿನ್ನುವುದು ತೊಗಟೆಯಡಿಯ ಪದರನ್ನು. ಆಹಾರ ಹರಿಯುವ ದಾರಿ ಕಡಿದು ಮರ ಸಾಯುತ್ತದೆ. ‘ತೊಗಟೆಯಡಿ ಕೊರೆಯುವ ಹುಳು’ ಎಂದು ಬಿಡಿಸಿ ಬರೆಯುವುದೇ ಲೇಸು.

‘ಸ್ವೀಟ್‌ಗ್ರಾಸ್’ಗೆ ‘ಸಿಹಿಹುಲ್ಲು’ ಎಂದರೆ ಓದುಗರ ನಾಲಿಗೆಗೆ ಕಬ್ಬು ನೆನಪಾದೀತು. ಇಲ್ಲಿರುವುದು ಕೂಮರಿನ್ ಎಂಬ ರಾಸಾಯನಿಕದ ಪರಿಮಳ. ಲಾವಂಚದಲ್ಲಿ ಬೇರು ಘಮಘಮಿಸಿದರೆ ಇದರಲ್ಲಿ ಎಲೆ, ಅದೂ ಒಣಗಿದಾಗ ಹೆಚ್ಚು. ‘ಕಂಪುಹುಲ್ಲು’ ಎಂದರೆ ಚೆನ್ನ. ಇದನ್ನು ನೆರಳಿನಲ್ಲಿ ಒಣಗಿಸಿ ಮೂರೆಳೆಯಾಗಿ ಹೆಣೆದು ಬುಟ್ಟಿಗೆ ಸೇರಿಸುತ್ತಾರೆ. ಅದಕ್ಕೆ ನಮ್ಮ ‘ಜಡೆ’ಯೇ ಇದೆ. ಎಲೆ ಮುಗಿಯುತ್ತ ಬಂದಂತೆ ಒಂದೊಂದೇ ಹೊಸ ಎಲೆಯನ್ನು ಬೇರೆ ಬೇರೆ ಕಡೆ ಸೇರಿಸಬೇಕು. ಮೂರೂ ಎಳೆಗೆ ಒಂದೇ ಕಡೆ ಸೇರಿಸಿದರೆ ಅಲ್ಲಿ ಉಬ್ಬಿ, ಎಳೆದಾಗ ಕಳಚುತ್ತದೆ.