ಮೂತಿಯಿಂದ ಮದ್ದು ತುಂಬುವ ಬೇಟೆ ಕೋವಿಗೆ ಚಕಮಕಿಯೋ, ಕೇಪೋ, 209 ಪ್ರೈಮರೋ?

ಹುಣಸೂರಿನವ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನಾನು ಸದ್ಯ ರಜೆಯ ಮೇಲೆ ಮೈಸೂರಿಗೆ ಬಂದಿದ್ದೇನೆ. ಅಲ್ಲಿನ ಸಹೋದ್ಯೋಗಿಗಳು ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುತ್ತಾರೆ. ಈ ಸಲ ಅವರ ಜೊತೆ ಹೋಗಲು ಮೂತಿಯಿಂದ ಮದ್ದು ತುಂಬುವ ರೈಫಲೊಂದನ್ನು ಕೊಳ್ಳಬೇಕೆಂದಿದ್ದೇನೆ. ಹೊಲಕ್ಕೆ ಹಂದಿ ನುಗ್ಗದಿರಲೆಂದು ತಾತ ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದ ಕೇಪಿನ (ಪೆಟ್ಟು ಬಿದ್ದರೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿಗೆಯ) ಕೋವಿಯನ್ನು ನೋಡಿ ಬೆಳೆದವನಾದ್ದರಿಂದ ಮನಸ್ಸು ಕೇಪಿನ ಕಡೆಗೇ ವಾಲುತ್ತದೆ. ಅಂಗಡಿಯವರು 209 ಪ್ರೈಮರಿನ (ಶಾಟ್‌ಗನ್ ತೋಟಾಗಳಲ್ಲಿ ಬಳಸುವ ಕಿಡಿ ಹೊತ್ತಿಸುವ ಗುಂಡಿಯ) ಇನ್‌ಲೈನ್, ಅಂದರೆ ಕಿಡಿ ಹಿಂದಿನಿಂದ ನೇರವಾಗಿ ಮದ್ದಿಗೆ ತಗಲುವ ಕೋವಿ, ಒಳ್ಳೆಯದೆನ್ನುತ್ತಾರೆ. ಒಬ್ಬ ಗೆಳೆಯನಂತೂ ಚಕಮಕಿ ಕಲ್ಲಿನದೇ ಆಗಬೇಕೆಂದು ಹಟ ಹಿಡಿದಿದ್ದಾನೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಜಯಲಕ್ಷ್ಮೀಪುರಂ ನಿವಾಸಿ:
ಯಾವ ಅವಧಿಯ ಬೇಟೆಗೆ ಹೋಗುತ್ತೀರೆಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ, ಏಕೆಂದರೆ ಅರ್ಧ ಆಯ್ಕೆಯನ್ನು ಕಾನೂನೇ ಮಾಡಿಬಿಡುತ್ತದೆ. ಪೆನ್ಸಿಲ್ವೇನಿಯಾದ ಅಕ್ಟೋಬರ್ ಅವಧಿಗೆ ಮೂರು ಬಗೆಯವೂ ನಡೆಯುತ್ತವೆ. ಕ್ರಿಸ್‌ಮಸ್ ಕಳೆದ ಮೇಲಿನ ಅವಧಿಯನ್ನು ಮಾತ್ರ ಅವರು ಚಕಮಕಿ ಕೋವಿಗೆಂದೇ ಮೀಸಲಿಡುತ್ತ ಬಂದಿದ್ದಾರೆ. ನಿಮ್ಮ ಗೆಳೆಯರ ಹಟಕ್ಕೆ ಬಹುಶಃ ಅದೇ ಕಾರಣ. ಆಯಾ ವರ್ಷದ ನಿಯಮಾವಳಿಯನ್ನು ಓದದೆ ಹಣ ಕೊಡಬೇಡಿ.

ಇನ್ನು ಮದ್ದಿನ ವಿಚಾರ. ಚಕಮಕಿಯಲ್ಲಿ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ, ಕಿಡಿ ನಳಿಗೆಯ ಹೊರಬದಿಯ ಬಟ್ಟಲಿನ ನುಣ್ಣನೆಯ ಮದ್ದಿಗೆ ಬಿದ್ದು, ಆ ಉರಿ ನಳಿಗೆಯ ಪಕ್ಕದ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟಬೇಕು. ಆದ್ದರಿಂದ ಅದಕ್ಕೆ ಬೇಗ ಹೊತ್ತಿಕೊಳ್ಳುವ ನಿಜವಾದ ಕರಿಮದ್ದೇ ಬೇಕು; ಪೈರೋಡೆಕ್ಸ್‌ನಂತಹ ಬದಲಿ ಮದ್ದುಗಳಿಗೆ ಹೆಚ್ಚು ಶಾಖ ಬೇಕಾಗುವುದರಿಂದ ಅವನ್ನು ನಂಬಿ ಕೂರುವಂತಿಲ್ಲ. ಗುಳಿಗೆ ರೂಪದ ಮದ್ದಿಗೆ 209 ಪ್ರೈಮರೇ ಸರಿ. 1985ರಲ್ಲಿ ಅಮೆರಿಕದ ಕೋವಿ ತಯಾರಕ ಟೋನಿ ನೈಟ್ ಅವರ ಎಂಕೆ-85 ರೈಫಲ್ ಬಂದ ಮೇಲೆ ಇನ್‌ಲೈನ್ ಜನಪ್ರಿಯವಾಯಿತು. ಮಳೆಯಲ್ಲಿ ಅದರಷ್ಟು ನೆಚ್ಚಿಕೆಯದು ಮತ್ತೊಂದಿಲ್ಲವೆಂಬುದನ್ನು ಒಪ್ಪುತ್ತೇನೆ, ನನಗೆ ಅದು ಅಷ್ಟಾಗಿ ರುಚಿಸದಿದ್ದರೂ.

ನಾಗಮಂಗಲದಿಂದ:
ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯಿಂದಾಗಿ ಬೇಟೆಯ ಮಾತೇ ಇಲ್ಲ. ಕೋವಿಯ ಆರೈಕೆಯ ವಿಷಯದಲ್ಲಿ ಮಾತ್ರ ಎರಡು ಮಾತು ಹೇಳಬಲ್ಲೆ. ಕೇಪಿನ ಕೋವಿ ಕೈಕೊಡುವುದು ಬಹುಮಟ್ಟಿಗೆ, ಕೇಪು ಕೂರುವ ಸಣ್ಣ ಕೊಳವೆಯಾದ ನಿಪ್ಪಲ್‌ನಲ್ಲಿ ಉಳಿದ ಎಣ್ಣೆಯಿಂದ. ಮದ್ದು ತುಂಬುವ ಮೊದಲು, ನಳಿಗೆ ಖಾಲಿಯಿದೆಯೆಂದು ಗಜ (ಮದ್ದು ಜಡಿಯುವ ಸರಳು) ಇಳಿಸಿ ಖಚಿತಪಡಿಸಿಕೊಂಡು, ಮೂತಿಯನ್ನು ನೆಲದ ಹುಲ್ಲಿನ ಹತ್ತಿರ ಹಿಡಿದು ಬರಿಯ ಕೇಪೊಂದನ್ನು ಹೊಡೆಯಿರಿ. ಹುಲ್ಲಿನ ಎಸಳು ಅಲುಗಿದರೆ ದಾರಿ ತೆರೆದಿದೆ; ಅಲುಗದಿದ್ದರೆ ನಿಪ್ಪಲ್ ಬಿಚ್ಚಿ ತಂತಿ ಆಡಿಸಿ. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುವುದರಿಂದ ಅದೇ ದಿನ ಬಿಸಿನೀರು, ಸಾಬೂನಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು.

ಕೇಪಿನ ಮೂಲದಲ್ಲಿರುವವನೂ ಬೇಟೆಗಾರನೇ. ಬಟ್ಟಲಿನ ಮದ್ದು ಭಗ್ಗೆಂದೊಡನೆ ಹಕ್ಕಿಗಳು ಬೆದರಿ ಹಾರುತ್ತಿದ್ದುದನ್ನು ಕಂಡ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್, ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನ ಏರ್ಪಾಡಿಗೆ 1807ರಲ್ಲಿ ಪೇಟೆಂಟ್ ಪಡೆದ.

ಹುಣಸೂರಿನವ:
ಇಬ್ಬರಿಗೂ ಧನ್ಯವಾದಗಳು. ವಿಚಾರಿಸಿದೆ, ಗೆಳೆಯರು ಹೋಗುವುದು ಕ್ರಿಸ್‌ಮಸ್ ನಂತರವೇ. ಹಿಮ, ತುಂತುರು ಇರುವ ಆ ಕಾಲದಲ್ಲಿ ಬಟ್ಟಲಿನ ಮದ್ದು ನೆನೆಯದಂತೆ ಏನು ಮಾಡುತ್ತಾರೆ, ಸಾರ್?

ಜಯಲಕ್ಷ್ಮೀಪುರಂ ನಿವಾಸಿ:
ಹಾಗಾದರೆ ಚಕಮಕಿಯೇ ಗತಿ, ಅದು ಬೇಸರಪಡುವ ಸಂಗತಿಯೂ ಅಲ್ಲ. ಕೊಬ್ಬು ಅಥವಾ ಮೇಣ ತಿಕ್ಕಿದ ಚರ್ಮದ ತುಂಡನ್ನು ಇಡೀ ಲಾಕಿನ (ಕಿಡಿ ಹಾರಿಸುವ ಭಾಗದ) ಮೇಲೆ ಕಟ್ಟಿಕೊಂಡು ಅಡ್ಡಾಡುತ್ತಾರೆ, ಗುರಿ ಹಿಡಿಯುವ ಮುನ್ನ ಅದನ್ನು ತೆಗೆಯುತ್ತಾರೆ. ಬಟ್ಟಲಿನ ಮದ್ದನ್ನು ಆಗಾಗ ಚೆಲ್ಲಿ, ಒರೆಸಿ, ಹೊಸದನ್ನು ಹಾಕಿ. ರಂಧ್ರ ಮುಚ್ಚಿಹೋಗುವಷ್ಟು ತುಂಬಬೇಡಿ. ಹಾಗೆ ತುಂಬಿದರೆ ಮದ್ದು ಬತ್ತಿಯಂತೆ ಉರಿದು ಒಳಗೆ ಹೋಗಬೇಕಾಗಿ ಈಡು ತಡವಾಗುತ್ತದೆ. ಕುದುರೆ (ಕಲ್ಲು ಹಿಡಿದಿರುವ ಸುತ್ತಿಗೆ) ಬಿದ್ದರೂ ಈಡು ಹಾರದಿದ್ದರೆ ಮೂತಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕಡಿಮೆಯೆಂದರೆ ಒಂದು ನಿಮಿಷ ಕಾಯಿರಿ, ಆ ಬಳಿಕ ರಂಧ್ರಕ್ಕೆ ತಂತಿ ಆಡಿಸಿ ಮತ್ತೆ ಮದ್ದು ಹಾಕಿ. ಅಂಚು ಮೊಂಡಾದ ಕಲ್ಲನ್ನು ಬದಲಿಸಲು ಒಂದೆರಡು ಹೆಚ್ಚಿನ ಕಲ್ಲುಗಳು ಜೇಬಿನಲ್ಲಿರಲಿ.