ಬಾಟಲಿಗೆ ತಳ ಇರುತ್ತೆ, ನಲ್ಲಿಗೆ?

ಕಳೆದ ಸಂಚಿಕೆಯಲ್ಲಿ ಬಸವೇಶ್ವರನಗರದ ಓದುಗರೊಬ್ಬರು ಹೀಗೆ ಬರೆದಿದ್ದರು: "ನನಗೆ 41 ವರ್ಷ. ಎರಡು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ಮೊದಲು ಬಾಟಲಿಗೆ ತುಂಬುತ್ತಿದ್ದೆ. ಆರು ತಿಂಗಳ ಹಿಂದೆ ಹಳೇ ಫ್ರಿಜ್‌ಗೆ ತೂತು ಕೊರೆದು ನಲ್ಲಿ ಹಾಕಿದೆ. ಒಳಗೆ 19 ಲೀಟರಿನ ಸ್ಟೀಲ್ ಕೆಗ್, ಅಂದರೆ ಬಿಯರ್ ತುಂಬಿಡುವ ಪೀಪಾಯಿ. ಈ ಹುಚ್ಚು ಹಿಡಿಯುವ ಮುಂಚೆ ಶನಿವಾರಕ್ಕೆ 650 ಎಂಎಲ್‌ನ ಎರಡು ಬಾಟಲಿ, ಅಷ್ಟೇ. ಈಗ ಯುಟಿಲಿಟಿಗೆ ಬಟ್ಟೆ ಒಣಗಿಸೋಕೆ ಹೋದರೂ ಅರ್ಧ ಲೋಟ. ಕೆಗ್ ಮೂರೇ ವಾರಕ್ಕೆ ಖಾಲಿ. ಅಮಲೇರುವಷ್ಟು ಯಾವತ್ತೂ ಕುಡಿದಿಲ್ಲ. ಆದರೂ ಏನೋ ಸರಿ ಇಲ್ಲ ಅನಿಸ್ತಿದೆ. ನಲ್ಲಿ ಕಿತ್ತು ಹಾಕಲಾ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಸರ್, ನಿಮ್ಮ ಪತ್ರ ಓದಿ, ಇದನ್ನು ನಾನೇ ಬರೆದು ಮರೆತುಬಿಟ್ಟೆನಾ ಅನಿಸಿತು. ನನ್ನದೂ ಇದೇ ಕತೆ. ನಲ್ಲಿ ಮಾತ್ರ ಎರಡು.

ಬಾಟಲಿಯ ಕಾಲದಲ್ಲಿ ಕುಡಿಯೋಕೆ ಮುಂಚೆ ಸ್ವಲ್ಪ ಯೋಚಿಸಬೇಕಿತ್ತು. ತಣ್ಣಗಿರುವುದು ಇದೆಯಾ? ಮುಚ್ಚಳ ತೆಗೆದರೆ ಪೂರ್ತಿ ಮುಗಿಸ್ತೀನಾ? ಮುಗಿದ ಮೇಲೆ ಇನ್ನೊಂದು ತೆಗೆಯಲಾ? ಇಷ್ಟು ಕೇಳಿಕೊಳ್ಳುವಷ್ಟರಲ್ಲಿ ಎಷ್ಟೋ ಸಲ ಆಸೆಯೇ ಇಳಿದುಹೋಗುತ್ತಿತ್ತು. ನಲ್ಲಿ ಬಂದ ಮೇಲೆ ಕೇಳಿಕೊಳ್ಳುವುದು ಏನೂ ಇಲ್ಲ. ಲೋಟ ಒಡ್ಡಿದರೆ ಆಯಿತು. ಈ "ಅರ್ಧ ಲೋಟ" ಇದೆಯಲ್ಲ, ಅದು ಎಷ್ಟು ಸಲ ಆಯಿತು ಅಂತ ಯಾರೂ ಎಣಿಸುವುದಿಲ್ಲ.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ನಿಮಗೆ ಗೊತ್ತಿರುತ್ತೆ. ನಮಗೆ ಖುಷಿ ಇರುವುದು ಬಿಯರ್ ಮಾಡುವುದರಲ್ಲಿ. ಮುಂದಿನ ಬ್ಯಾಚ್ ಹಾಕಬೇಕು ಅಂದರೆ ಕೆಗ್ ಖಾಲಿ ಆಗಬೇಕು. ಬಿಯರಿಗೆ ಕಹಿ, ಘಮ ಕೊಡುವ ಹೊಸ ಹಾಪ್ಸ್ ಹೂವು ತರಿಸಿ ಫ್ರೀಜರ್‌ನಲ್ಲಿ ಇಟ್ಟಿರುತ್ತೀವಿ. ಡಿಸೆಂಬರ್ ಚಳಿ ಬಂದಿರುತ್ತೆ. ಬಿಯರ್ ಹುದುಗಿಸುವ ಏಲ್ ಈಸ್ಟ್ ಕೇಳುವ 18–20 ಡಿಗ್ರಿ ರೂಮಿನ ಮೂಲೆಯಲ್ಲಿ ಪುಕ್ಕಟೆ ಸಿಗ್ತಿರುತ್ತೆ. ನೋಡಿದರೆ ಹಳೆಯದು ಇನ್ನೂ ಆರು ಲೀಟರ್ ಕೂತಿದೆ! ಆಗ ಪಾತ್ರೆ ಖಾಲಿ ಮಾಡೋಕೆ ಅಂತಲೇ ಕುಡೀತೀವಿ. ಅನ್ನ ಉಳೀತಲ್ಲ ಅಂತ ಅಮ್ಮಂದಿರು ಇನ್ನೊಂದು ತುತ್ತು ತಿನ್ನಲ್ವಾ, ಹಾಗೆ.

ನನ್ನ ಕಣ್ಣು ತೆರೆಸಿದ್ದು ತೂಕದ ಮೆಷಿನ್. ಕೆಗ್ ಸ್ಟೀಲಿನದು, ಒಳಗೆ ಎಷ್ಟಿದೆ ಅಂತ ಕಾಣಲ್ಲ. ಆದರೆ ಒಂದು ಲೀಟರ್ ಬಿಯರ್ ಹೆಚ್ಚೂಕಮ್ಮಿ ಒಂದು ಕೆಜಿ. ನಾವು ಹತ್ತಿ ನಿಲ್ಲುವ ಮೆಷಿನ್ನನ್ನೇ ಫ್ರಿಜ್ ಒಳಗೆ ಕೆಗ್ ಕೆಳಗಿಟ್ಟೆ. ಭಾನುವಾರ ರಾತ್ರಿಯಿಂದ ಗುರುವಾರ ರಾತ್ರಿಗೆ 5 ಕೆಜಿ ಇಳಿದಿತ್ತು. ಮಧ್ಯೆ ಮನೆಗೆ ಯಾರೂ ಬಂದಿರಲಿಲ್ಲ. ಹೈಡ್ರೋಮೀಟರ್‌ನಲ್ಲಿ ಸಾಂದ್ರತೆ ನೋಡಿ ಶುರುವಿಗೆ 1.050, ಕೊನೆಗೆ 1.012, ಅಂದರೆ ಸುಮಾರು 5% ಆಲ್ಕೋಹಾಲ್ ಅಂತ ನೋಟ್‌ಬುಕ್‌ನಲ್ಲಿ ಬರೆದಿಡುವ ಮನುಷ್ಯ ನಾನು. ಹೊಟ್ಟೆಗೆ ಹೋಗಿದ್ದರ ಬಗ್ಗೆ ಆ ಬುಕ್ಕಿನಲ್ಲಿ ಒಂದು ಸಾಲೂ ಇರಲಿಲ್ಲ.

ಈಗ ಒಂದು ಸಲಕ್ಕೆ ಹತ್ತೇ ಲೀಟರ್ ಮಾಡ್ತೀನಿ. ಅದರಲ್ಲಿ ಅರ್ಧ ಬಾಟಲಿಗೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಮ್ಮಿ ಹಾಕಿ 3.5% ದಾಟದ ಹಾಗೆ ನೋಡ್ಕೋತೀನಿ. ಇದು ಕಷ್ಟ ಸರ್, ಸಪ್ಪೆ ಆಗದ ಹಾಗೆ ಮಾಡೋಕೆ ನಾಲ್ಕು ಬ್ಯಾಚ್ ಹಾಳಾಯಿತು. ಭಾನುವಾರ ರಾತ್ರಿ ನಲ್ಲಿಯ ಹಿಡಿ ಬಿಚ್ಚಿ ಮಂಚದ ಕೆಳಗಿನ ಟ್ರಂಕಿನಲ್ಲಿ ಇಡ್ತೀನಿ, ಶುಕ್ರವಾರ ಸಂಜೆ ವಾಪಸ್. ಕುಡಿಯುವುದು ಕಮ್ಮಿಯಾಯಿತಾ ಅಂದರೆ ಆಯಿತು. ಜೋರು ಮಳೆ ಬಂದ ಒಂದು ಬುಧವಾರ ಟ್ರಂಕ್ ಎಳೆದದ್ದೂ ಉಂಟು.

— ಓದುಗ, ವೈಟ್‌ಫೀಲ್ಡ್

*

ಇದರಲ್ಲಿ ಸಮಸ್ಯೆ ಏನು ಅಂತಲೇ ಗೊತ್ತಾಗಲಿಲ್ಲ. ಅವರ ಮನೆ ವಿಳಾಸ ಕಳಿಸಿ.

— ಓದುಗ, ಮಲ್ಲೇಶ್ವರ

(ಇದೇ ಜೋಕ್ ಇನ್ನೂ ಐದು ಪತ್ರಗಳಲ್ಲಿತ್ತು. ವಿಳಾಸ ಕೊಡುವುದಿಲ್ಲ. – ಸಂ.)

*

ನಾನು ಕುಡಿಯುವವಳಲ್ಲ. ನಮ್ಮ ಮನೆಯವರು ಇದೇ ಥರ ನಲ್ಲಿ ಹಾಕಿಸಿಕೊಂಡಿದ್ದಾರೆ.

ಬಾಟಲಿ ಇದ್ದಾಗ ನನಗೆ ಲೆಕ್ಕ ಸಿಗ್ತಿತ್ತು. ಮುಚ್ಚಳ ತೆಗೆದ ಸದ್ದು ಹಾಲ್‌ವರೆಗೂ ಕೇಳೋದು. ಹಳೇ ಪೇಪರ್‌ನವನು ಬಂದಾಗ ಖಾಲಿ ಬಾಟಲಿ ಎಣಿಸಿ ಚೀಲಕ್ಕೆ ಹಾಕ್ತಿದ್ದ. ನಾನು ಅಡುಗೆಮನೆಯಿಂದಲೇ ಅವನ ಜೊತೆ ಎಣಿಸ್ತಿದ್ದೆ. ಈಗ ಸದ್ದೂ ಇಲ್ಲ, ಬಾಟಲಿಯೂ ಇಲ್ಲ. ಒಂದೇ ಲೋಟ. ಅದೂ ಯಾವಾಗಲೂ ತೊಳೆದು ಬೋರಲು ಹಾಕಿರುತ್ತೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಂದು ಕಾಫಿ ಲೋಟ ತೊಳೆಯದ ಮನುಷ್ಯ ಇದನ್ನು ಮಾತ್ರ ತೊಳೆದಿಡ್ತಾರೆ ಅಂದಾಗ ನನಗೆ ಅನುಮಾನ ಶುರುವಾಯಿತು.

ಕೇಳಿದರೆ, "ಅಂಗಡೀದಲ್ಲ ಕಣೇ, ನಾನೇ ಮಾಡಿದ್ದು, ಕೆಮಿಕಲ್ ಇಲ್ಲ" ಅಂತಾರೆ. ನಾನು ಹಾಕುವ ಉಪ್ಪಿನಕಾಯಿಗೂ ಕೆಮಿಕಲ್ ಇಲ್ಲ. ಲೋಟಗಟ್ಟಲೆ ತಿಂತಾರಾ?

ನಿಮ್ಮ ಪತ್ರದಲ್ಲಿ ಮನೆಯವರ ಸುದ್ದಿಯೇ ಇಲ್ಲ. ಇದ್ದರೆ ಅವರನ್ನೇ ಕೇಳಿ ನೋಡಿ. ಉತ್ತರ ಯಾವತ್ತೋ ರೆಡಿ ಇರುತ್ತೆ.

— ಓದುಗಳು, ವಿಜಯನಗರ

*

ನನ್ನ ಅನುಭವ ಉಲ್ಟಾ. ಬಾಟಲಿ ತೆಗೆದರೆ ಗ್ಯಾಸ್ ಹೋಗುತ್ತೆ ಅಂತ 650 ಎಂಎಲ್ ಪೂರ್ತಿ ಮುಗಿಸುತ್ತಿದ್ದೆ. ನಲ್ಲಿ ಬಂದ ಮೇಲೆ ಊಟದ ಜೊತೆ ಸಣ್ಣ ಲೋಟದಲ್ಲಿ ನೂರೈವತ್ತು ಎಂಎಲ್ ಸಾಕು ಅನಿಸ್ತಿದೆ. ನನ್ನ ಕೆಗ್ ಮೂರು ತಿಂಗಳು ಬರುತ್ತೆ, ಕೊನೆಕೊನೆಗೆ ರುಚಿ ಕೆಟ್ಟು ಚೆಲ್ಲಿದ್ದೂ ಇದೆ. ಚೆಲ್ಲೋಕೆ ಮನಸ್ಸು ಬರುತ್ತಾ ಅಂತ ಒಂದು ಸಲ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಪ್ರಶ್ನೆಗೆ ಅಲ್ಲೇ ಅರ್ಧ ಉತ್ತರ ಸಿಗಬಹುದು.

— ಓದುಗ, ಜಯನಗರ 4ನೇ ಬ್ಲಾಕ್

*

ಲೋಟ, ಅಳತೆ ಎಲ್ಲ ಆಮೇಲೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಮದ್ಯ ತಯಾರಿಸೋಕೆ ಲೈಸೆನ್ಸ್ ಬೇಕು. ಊರ ತುಂಬ ಇರುವ ಬ್ರೂಪಬ್‌ಗಳು ಲೈಸೆನ್ಸ್ ತಗೊಂಡೇ ಬಿಯರ್ ಕಾಯಿಸುತ್ತಿರುವುದು. ಹವ್ಯಾಸ ಅಂದರೆ ಯಾರೂ ಕೇಳಲ್ಲ ಅನ್ನುವ ಧೈರ್ಯ ಬೇಡ. ನಲ್ಲಿ ಕೀಳುವುದಾ ಬೇಡವಾ ಅಂತ ನಮ್ಮನ್ನು ಕೇಳುವ ಮೊದಲು ಇದನ್ನು ಯೋಚಿಸಬೇಕಿತ್ತು.

— ನಿವೃತ್ತ ಸರ್ಕಾರಿ ನೌಕರ, ರಾಜಾಜಿನಗರ

*

ನೋಡಪ್ಪಾ, ನಾನು ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಬೈಯೋಕೆ ಬರೆಯುತ್ತಿಲ್ಲ, ಲೆಕ್ಕ ಹೇಳ್ತೀನಿ.

ಮೊದಲು ನಿನ್ನದು ವಾರಕ್ಕೆ 1.3 ಲೀಟರ್. ಈಗ ಮೂರು ವಾರಕ್ಕೆ 19 ಲೀಟರ್ ಅಂದರೆ ವಾರಕ್ಕೆ ಆರು ಲೀಟರ್ ಮೇಲಾಯಿತು, ದಿನಕ್ಕೆ 900 ಎಂಎಲ್. ಸ್ನೇಹಿತರು ಬಂದು ಕುಡಿದಿದ್ದರೆ ಅಷ್ಟು ಕಳೆದುಕೋ. ಇಲ್ಲವಾದರೆ ಹತ್ತಿರ ಹತ್ತಿರ ಐದು ಪಟ್ಟು. ನಿನ್ನ ಬಿಯರ್ 5% ಅಂದುಕೊಂಡರೆ ದಿನಕ್ಕೆ ಸುಮಾರು 35 ಗ್ರಾಂ ಆಲ್ಕೋಹಾಲ್ ಒಳಗೆ ಹೋಗ್ತಿದೆ. 10 ಗ್ರಾಂಗೆ ಒಂದು ಡ್ರಿಂಕ್ ಅಂತ ಎಣಿಸಿದರೆ ದಿನಾ ಮೂರೂವರೆ. ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

"ಅಮಲೇರಿಲ್ಲ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಸಮಾಧಾನ ಆಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಸಂಜೆಯೆಲ್ಲ ಕುಡಿದರೆ ತಲೆಗೆ ಏರಲ್ಲ. ದಿನಾ ಕುಡಿದರೆ ಮೈ ಒಗ್ಗಿಕೊಳ್ಳುತ್ತೆ. ಲಿವರ್‌ಗೆ ಮಾತ್ರ ಲೆಕ್ಕ ತಪ್ಪಲ್ಲ.

ಹದಿನೈದು ದಿನ ಬಿಟ್ಟು ನೋಡು ಅಂತ ಎಲ್ಲರೂ ಹೇಳ್ತಾರೆ. ಅದಕ್ಕೆ ಮುಂಚೆ ಒಂದು ಮಾತು. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ? ಕುಡಿಯದ ದಿನ ಸುಮ್ನೆ ಬೆವರುತ್ತಾ, ನಿದ್ದೆ ಬರಲ್ವಾ? ಹಾಗಿದ್ದರೆ ನೀನೇ ಒಂದೇ ಸಲಕ್ಕೆ ನಿಲ್ಲಿಸಬೇಡ, ಅದು ಅಪಾಯ. ಡಾಕ್ಟರ್ ಹತ್ತಿರ ಹೋಗು. ನಮ್ಮ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಅಂತಲೇ ಬೇರೆ ವಿಭಾಗ ಇದೆ. ಹೋಗೋಕೆ ಮುಜುಗರ ಆದರೆ 14416ಕ್ಕೆ ಫೋನ್ ಮಾಡು, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಇದೇನೂ ಇಲ್ಲವಾದರೆ ಹದಿನೈದು ದಿನ ಬಿಡು. ಸಂಜೆ ಏಳಕ್ಕೆ ಕಾಲು ತಾನಾಗೇ ಯುಟಿಲಿಟಿ ಕಡೆ ಹೋಗುತ್ತಾ ಅಂತ ಗಮನಿಸು. ಮೊದಲ ಮೂರು ದಿನ ಹೋಗೇ ಹೋಗುತ್ತೆ, ಗಾಬರಿ ಬೇಡ.

— ಓದುಗರು, ಮತ್ತಿಕೆರೆ

*

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಕ್ರಿಸ್‌ಮಸ್‌ಗೆ ದ್ರಾಕ್ಷಿ ವೈನ್ ಹಾಕ್ತೀವಿ. ಭರಣಿ ತುಂಬ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಬಾಯಿಗೆ ಬಿಳಿ ಬಟ್ಟೆ. ದಿನಾ ಮರದ ಸೌಟಿನಲ್ಲಿ ತಿರುವುವುದು ನಮ್ಮ ಕೆಲಸ. ಮನೆಯೆಲ್ಲ ಘಮ ಅನ್ನುತ್ತಿದ್ದರೂ ಬಾಯಿಗೆ ಒಂದು ಹನಿ ಬೀಳುತ್ತಿರಲಿಲ್ಲ. ಅಜ್ಜಿ ಭರಣಿ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದರು.

24ರ ರಾತ್ರಿ ಚರ್ಚ್‌ನಿಂದ ಬಂದ ಮೇಲೆ ಚಿಕ್ಕ ಗ್ಲಾಸಿನಲ್ಲಿ ಒಂದೊಂದು. ಬಂದವರಿಗೆಲ್ಲ ಕೇಕ್ ಜೊತೆ ಒಂದೊಂದು. ಹೊಸ ವರ್ಷದ ಹೊತ್ತಿಗೆ ಭರಣಿ ಖಾಲಿ. ತೊಳೆದು, ಬಿಸಿಲಿಗಿಟ್ಟು, ಅಟ್ಟಕ್ಕೆ ಏರಿಸಿದರೆ ಮತ್ತೆ ಇಳಿಸುವುದು ಅಕ್ಟೋಬರ್‌ನಲ್ಲಿ. ಮಧ್ಯೆ ಯಾರಿಗೂ ಅದರ ನೆನಪಾಗುತ್ತಿರಲಿಲ್ಲ.

ನಿಮ್ಮ ಫ್ರಿಜ್ ಅಟ್ಟಕ್ಕೆ ಏರಲ್ಲ, ಗೊತ್ತು. ಕೆಗ್ ಏರುತ್ತೆ.

— ಓದುಗಳು, ಲಿಂಗರಾಜಪುರ